ಅಜ್ಜಿ ಹೇಳಿದ ಕಥೆಗೆ ಡಾಕ್ಟರೇಟು

ಪಿಎಚ್.ಡಿ. ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ದಪ್ಪ ರಟ್ಟಿನ, ಬಂಗಾರದ ಬಣ್ಣದ ಅಕ್ಷರಗಳ, ಕೈಗೆ ಭಾರವಾದ ಒಂದು ಪುಸ್ತಕ. ಅದರೊಳಗೆ ಅಧ್ಯಾಯಗಳು, ಅಡಿಟಿಪ್ಪಣಿಗಳು, ಕೊನೆಯಲ್ಲಿ ಪರಾಮರ್ಶನ ಗ್ರಂಥಗಳ ಮಾರುದ್ದದ ಪಟ್ಟಿ. ಬರೆದವರು, ತಿದ್ದಿದವರು, ಪರೀಕ್ಷಿಸಿದವರು ಇಷ್ಟು ಜನರನ್ನು ಬಿಟ್ಟರೆ ಅದನ್ನು ಬಿಚ್ಚಿ ಓದುವವರು ಕಡಿಮೆಯೇ. ಕಥೆ ಕಾದಂಬರಿ ಬರೆದವರ ಮೇಲೆ ಇಂಥ ಮಹಾಪ್ರಬಂಧಗಳು ನಮ್ಮಲ್ಲಿ ಬೇಕಾದಷ್ಟು ಬಂದಿವೆ. ತ್ರಿವೇಣಿಯವರ ಕಾದಂಬರಿಗಳ ಮೇಲೆ ಯಾರಾದರೂ ಪಿಎಚ್.ಡಿ. ಮಾಡಬಹುದು. ಆದರೆ ತ್ರಿವೇಣಿಯವರೇ ಎದ್ದು ಬಂದು, 'ಇಗೋ ನನ್ನ ಕಾದಂಬರಿ, ಇದನ್ನೇ ಪ್ರಬಂಧವೆಂದು ತೆಗೆದುಕೊಳ್ಳಿ' ಎಂದಿದ್ದರೆ ಅಂದಿನ ಯಾವ ವಿಶ್ವವಿದ್ಯಾಲಯ ತೆಗೆದುಕೊಳ್ಳುತ್ತಿತ್ತು?

ತೆಗೆದುಕೊಂಡ ವಿಶ್ವವಿದ್ಯಾಲಯವೊಂದು ಅಮೆರಿಕದಲ್ಲಿದೆ. ಐವತ್ತರ ಹೊಸ್ತಿಲಲ್ಲಿದ್ದ, ನಾಲ್ಕು ಮಕ್ಕಳನ್ನು ಹೆತ್ತ, ವರ್ಷಗಟ್ಟಲೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಹೆಣ್ಣುಮಗಳು, ತನ್ನ ಅಜ್ಜಿ ರಾತ್ರಿ ಮಲಗುವಾಗ ಹೇಳುತ್ತಿದ್ದ ಕಥೆಯನ್ನು ಕಾದಂಬರಿಯಾಗಿ ಬರೆದುಕೊಟ್ಟು 1965ರಲ್ಲಿ ಅಲ್ಲಿ ಡಾಕ್ಟರೇಟು ಪಡೆದರು. ಅವರ ಹೆಸರು ಮಾರ್ಗರೆಟ್ ವಾಕರ್. ವಿಶ್ವವಿದ್ಯಾಲಯ ಅಯೋವಾ. ಈ ಸಂಗತಿ ಓದಿದಾಗಿನಿಂದ ನಾನು ಇದನ್ನು ಎಷ್ಟು ಜನ ಗೆಳತಿಯರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿದಾಗಲೆಲ್ಲ ಮೊದಲು ಬರುವ ಪ್ರಶ್ನೆ ಒಂದೇ: 'ಅದಕ್ಕೂ ಪಿಎಚ್.ಡಿ. ಕೊಡ್ತಾರೇನು?' ಕೊಟ್ಟದ್ದು ಹೇಗೆ ಎನ್ನುವುದನ್ನು ಮೊದಲು ಹೇಳುತ್ತೇನೆ.

ಅಯೋವಾ ಎಂದರೆ ಅಮೆರಿಕದ ನಟ್ಟನಡುವಿನ ಸೀಮೆ. ಸಮುದ್ರವಿಲ್ಲ, ದೊಡ್ಡ ಬೆಟ್ಟವಿಲ್ಲ. ಕಣ್ಣು ಹಾಯಿಸಿದಷ್ಟೂ ಗೋವಿನಜೋಳದ ಹೊಲಗಳು. ಅಲ್ಲಿನ ಅಯೋವಾ ಸಿಟಿ ಎಂಬ ಊರಿನಲ್ಲಿ 1847ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 1855ರಲ್ಲಿ ಪಾಠ ಶುರುವಾದಾಗಲೇ ಗಂಡು ಹೆಣ್ಣು ಎನ್ನದೆ ಸೇರಿಸಿಕೊಂಡ ಹೆಗ್ಗಳಿಕೆ ಅದರದು. 1897ರಷ್ಟು ಹಿಂದೆಯೇ ಅಲ್ಲಿ ಪದ್ಯ ಕಟ್ಟುವುದನ್ನು ಕಲಿಸುವ ಒಂದು ತರಗತಿ ನಡೆದಿತ್ತಂತೆ. ಆದರೆ ತರಗತಿ ಬೇರೆ, ಪದವಿ ಬೇರೆ. ಪದವಿಯ ಬಾಗಿಲು ತೆರೆದವರು ಕವಿಯೂ ಅಲ್ಲ, ಸಾಹಿತ್ಯದ ಪ್ರಾಧ್ಯಾಪಕರೂ ಅಲ್ಲ. ಅವರು ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಮನಶ್ಶಾಸ್ತ್ರಜ್ಞ ಕಾರ್ಲ್ ಸೀಶೋರ್. ಮನುಷ್ಯನ ಕಿವಿಗೆ ಸಂಗೀತದ ಗ್ರಹಿಕೆ ಎಷ್ಟಿದೆ ಎಂದು ಅಳೆಯುವ ಪರೀಕ್ಷೆಗಳನ್ನು ರೂಪಿಸಿದವರು. ಸ್ನಾತಕೋತ್ತರ ವಿಭಾಗದ ಡೀನ್ ಆಗಿದ್ದ ಅವರು 1922ರಲ್ಲಿ, ಇನ್ನು ಮುಂದೆ ಸೃಜನಶೀಲ ಕೃತಿಯನ್ನೂ ಉನ್ನತ ಪದವಿಯ ಪ್ರಬಂಧವಾಗಿ ಒಪ್ಪಿಕೊಳ್ಳಲಾಗುವುದು ಎಂದು ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಹೊಸದೊಂದನ್ನು ಕಂಡುಹಿಡಿಯುವುದು ಸಂಶೋಧನೆಯಾದರೆ ಇಲ್ಲದ ಕವಿತೆಯೊಂದನ್ನು ಇರುವಂತೆ ಮಾಡುವುದೂ ಅದಕ್ಕೆ ಕಡಿಮೆಯಲ್ಲ ಎಂಬ ತಿಳಿವಳಿಕೆ ಇದರ ಹಿಂದೆ ಇದ್ದಿರಬೇಕು. ವಿಜ್ಞಾನದವರಿಗೆ ಹೊಳೆದದ್ದು ಸಾಹಿತ್ಯದವರಿಗೆ ಹೊಳೆಯಲಿಲ್ಲ ನೋಡಿ.

ಪ್ರಕಟಣೆಯಾದ ಮೇಲೂ ಒಂಬತ್ತು ವರ್ಷ ಬೇಕಾಯಿತು. 1931ರಲ್ಲಿ ಮೊದಲ ಸೃಜನಶೀಲ ಪ್ರಬಂಧಕ್ಕೆ ಎಂ.ಎ. ಪದವಿ ಸಿಕ್ಕಿತು. ಬರೆದವರು ಮೇರಿ ಹೂವರ್ ರಾಬರ್ಟ್ಸ್. ಅದು ಒಂದು ಕವನಸಂಕಲನ, ಹೆಸರು 'ಪೇಸ್ಲಿ ಶಾಲು'. ಪೇಸ್ಲಿ ಎಂದರೆ ಏನು ಗೊತ್ತೇ? ನಮ್ಮ ಸೀರೆಯ ಸೆರಗಿನ ಮೇಲೆ ಇರುತ್ತದಲ್ಲ ಮಾವಿನಕಾಯಿ, ಅದೇ. ಕಾಶ್ಮೀರದ ಶಾಲಿನ ಆ ಮಾವಿನಕಾಯಿಯನ್ನು ನೋಡಿ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ನೇಕಾರರು ತಮ್ಮ ಮಗ್ಗದಲ್ಲಿ ನೇಯ್ದರು. ಊರಿನ ಹೆಸರು ವಿನ್ಯಾಸಕ್ಕೆ ಅಂಟಿಕೊಂಡಿತು. ನಮ್ಮ ಕಡೆಯ ಮಾವಿನಕಾಯಿ ಸ್ಕಾಟ್ಲೆಂಡನ್ನು ಸುತ್ತಿಕೊಂಡು ಅಮೆರಿಕದ ಗೋವಿನಜೋಳದ ಸೀಮೆಗೆ ಹೋಗಿ, ಅಲ್ಲಿನ ಮೊತ್ತಮೊದಲ ಸೃಜನಶೀಲ ಪ್ರಬಂಧದ ಹೆಸರಿನಲ್ಲಿ ಕೂತಿದೆ ಎಂದರೆ ನನಗೇಕೋ ಸಂತೋಷ.

ಅದೇ 1931ರಲ್ಲಿ ನಮ್ಮಲ್ಲಿ ಹಲಸಂಗಿ ಗೆಳೆಯರು 'ಗರತಿಯ ಹಾಡು' ಪ್ರಕಟಿಸಿದರು. ಬೀಸುವ ಕುಟ್ಟುವ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು. ಆ ಗೆಳೆಯರು ಮಾಡಿದ ಉಪಕಾರ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಅವರು ಬರೆದಿಡದಿದ್ದರೆ ಎಷ್ಟೋ ಹಾಡು ಬೀಸುಕಲ್ಲಿನ ಜೊತೆಗೇ ಹೋಗಿಬಿಡುತ್ತಿತ್ತು. ಆದರೂ ಹಾಡಿದವಳು 'ಗರತಿ'ಯಾಗಿ ಉಳಿದಳು. ಅವಳಿಗೊಂದು ಹೆಸರು ಮುಖಪುಟಕ್ಕೆ ಬರಲಿಲ್ಲ. ಮುಂದೆ ಜಾನಪದದ ಮೇಲೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಡಾಕ್ಟರೇಟುಗಳು ಬಂದಾಗಲೂ ಅವು ಸಂದದ್ದು ಹಾಡನ್ನು ಅಭ್ಯಾಸ ಮಾಡಿದವರಿಗೆ. ಹಾಡಿದವಳು ಹಾಡಿ ಒಲೆಯ ಮುಂದೆ ಹೋಗಿ ಕುಳಿತಳು.

ಅಯೋವಾದ ಮಾತಿಗೆ ಬರೋಣ. 1936ರಲ್ಲಿ ವಿಲ್ಬರ್ ಶ್ರಾಮ್ ಎಂಬವರ ನೇತೃತ್ವದಲ್ಲಿ ಈ ಚಟುವಟಿಕೆಗಳೆಲ್ಲ ಒಂದು ಸೂರಿನಡಿ ಬಂದು ಲೇಖಕರ ಕಮ್ಮಟ ಎನ್ನಿಸಿಕೊಂಡವು. ನಾವೂ ಕಥಾ ಕಮ್ಮಟ, ಕಾವ್ಯ ಕಮ್ಮಟ ಎನ್ನುತ್ತೇವಲ್ಲ, ಆ ಮಾತು ಹಳಗನ್ನಡದಲ್ಲಿ ನಾಣ್ಯ ಹೊಡೆಯುವ ಟಂಕಸಾಲೆಗೆ ಇದ್ದದ್ದು. 1941ರಿಂದ 1965ರವರೆಗೆ ಪಾಲ್ ಎಂಗಲ್ ಎಂಬ ಕವಿ ಅದನ್ನು ನಡೆಸಿದರು. ಎರಡನೇ ಮಹಾಯುದ್ಧ ಮುಗಿದಾಗ ಸೈನ್ಯದಿಂದ ಬಿಡುಗಡೆಯಾದ ಹುಡುಗರು ಸರ್ಕಾರದ ನೆರವಿನಿಂದ ಹಿಂಡುಹಿಂಡಾಗಿ ಓದಲು ಬಂದರು. ಕೂರಿಸಲು ಕೋಣೆಗಳು ಸಾಲದೆ ನದಿಯ ದಂಡೆಯಲ್ಲಿ ತಗಡಿನ ಬ್ಯಾರಕ್ಕುಗಳನ್ನು ಹಾಕಿ ಅಲ್ಲೇ ಕಮ್ಮಟ ನಡೆಸಿದರು. ಪದ್ಧತಿ ಸರಳ. ಒಬ್ಬರ ಕಥೆಯನ್ನು ಪ್ರತಿ ಮಾಡಿ ಎಲ್ಲರಿಗೂ ಹಂಚುವುದು, ಎಲ್ಲರೂ ಓದಿಕೊಂಡು ಬಂದು ಸುತ್ತ ಕುಳಿತು ಅದನ್ನು ಬಿಡಿಸಿ ನೋಡುವುದು. ಬರೆದವರು ಮಾತ್ರ ಬಾಯಿ ಬಿಡದೆ ಕೇಳಿಸಿಕೊಳ್ಳಬೇಕು. ಹೊಸ ಸೊಸೆ ಮಾಡಿದ ಮೊದಲ ಅಡಿಗೆಗೆ ಮನೆಮಂದಿ ಎಲ್ಲ ಒಂದೊಂದು ಮಾತು ಹೇಳುವಾಗ ಅವಳು ತಲೆ ತಗ್ಗಿಸಿ ಬಡಿಸುತ್ತಿರುತ್ತಾಳಲ್ಲ, ಹಾಗೆ. ಇಂಥ ಕೂಟದಲ್ಲಿ ಹೆಂಗಸರು ಕಡಿಮೆ ಇದ್ದರು. 1945ರಲ್ಲಿ ಜಾರ್ಜಿಯಾ ರಾಜ್ಯದಿಂದ ಬಂದ ಒಬ್ಬ ಹುಡುಗಿಯ ಮಾತಿನ ಧಾಟಿ ಎಂಗಲ್ ಅವರಿಗೆ ಒಂದಿಷ್ಟೂ ಅರ್ಥವಾಗದೆ, ಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಡು ಎಂದರಂತೆ. ಆ ಹುಡುಗಿ ಫ್ಲಾನರಿ ಓಕಾನರ್. ಮುಂದೆ ಅಮೆರಿಕದ ದೊಡ್ಡ ಕಥೆಗಾರ್ತಿಯಾದರು.

ಮಾರ್ಗರೆಟ್ ವಾಕರ್ ಅಲ್ಲಿಗೆ ಬಂದದ್ದು ಇದಕ್ಕೂ ಆರು ವರ್ಷ ಮೊದಲು, 1939ರಲ್ಲಿ. ಆಗ ಅವರಿಗೆ 24 ವರ್ಷ. ಹುಟ್ಟಿದ್ದು 1915ರ ಜುಲೈಯಲ್ಲಿ, ದಕ್ಷಿಣದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ. ಕಪ್ಪು ಜನಾಂಗದ, ಓದುಬರಹದ ಮನೆತನ. ತಂದೆ ಧರ್ಮಬೋಧಕರು, ತಾಯಿ ಸಂಗೀತ ಕಲಿಸುವವರು. ಹುಡುಗಿ 1935ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಬಿ.ಎ. ಮುಗಿಸಿ, ಚಿಕಾಗೋದಲ್ಲಿ ಸರ್ಕಾರದ ಲೇಖಕರ ಯೋಜನೆಯಲ್ಲಿ ಕೆಲಸ ಮಾಡಿ, ಎಂ.ಎ.ಗೆಂದು ಅಯೋವಾಕ್ಕೆ ಬಂದಳು. ಸೇರಿಸಿಕೊಂಡರು, ಸರಿ. ಆದರೆ ಹಾಸ್ಟೆಲಿನಲ್ಲಿ ಕಪ್ಪು ಹುಡುಗಿಯರಿಗೆ ಜಾಗವಿರಲಿಲ್ಲ. ಊರೊಳಗೆ ಕೋಣೆ ಹುಡುಕಿಕೊಳ್ಳಬೇಕು. ಹಾಗೆ ಹುಡುಕಿಕೊಂಡಾಗ ಒಂದೇ ಕೋಣೆಯಲ್ಲಿ ಇರಲು ಜೊತೆಯಾದವರು ಎಲಿಜಬೆತ್ ಕ್ಯಾಟ್ಲೆಟ್ ಎಂಬ ಶಿಲ್ಪಿ. ಆಕೆಯ ಗುರು, ಚಿತ್ರಕಾರ ಗ್ರಾಂಟ್ ವುಡ್, ನಿನಗೆ ಯಾವುದು ಚೆನ್ನಾಗಿ ಗೊತ್ತೋ ಅದನ್ನೇ ಮಾಡು ಎಂದರು. ಆಕೆ ಕಪ್ಪು ತಾಯಿ ಮತ್ತು ಮಗುವನ್ನು ಸುಣ್ಣದಕಲ್ಲಿನಲ್ಲಿ ಕಡೆದು 1940ರಲ್ಲಿ ಪದವಿಗೆ ಒಪ್ಪಿಸಿದರು. ಅದೇ ವರ್ಷ ವಾಕರ್ ತಮ್ಮ ಕವಿತೆಗಳ ಸಂಕಲನ 'ನನ್ನ ಜನಕ್ಕಾಗಿ' ಎಂಬುದನ್ನು ಎಂ.ಎ. ಪ್ರಬಂಧವಾಗಿ ಒಪ್ಪಿಸಿದರು. 1942ರಲ್ಲಿ ಅದಕ್ಕೆ ಯೇಲ್ ವಿಶ್ವವಿದ್ಯಾಲಯ ಯುವಕವಿಗಳಿಗೆ ಕೊಡುವ ಪ್ರಶಸ್ತಿ ಬಂತು. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ: 2017ರಲ್ಲಿ ಅಯೋವಾ ವಿಶ್ವವಿದ್ಯಾಲಯ ಹೊಸದೊಂದು ವಿದ್ಯಾರ್ಥಿನಿಲಯ ಕಟ್ಟಿ ತೆರೆಯಿತು. ಅದಕ್ಕಿಟ್ಟ ಹೆಸರು ಕ್ಯಾಟ್ಲೆಟ್. ಆಕೆ ತೀರಿಕೊಂಡು ಆಗಲೇ ಐದು ವರ್ಷವಾಗಿತ್ತು.

ಈಗ ಅಜ್ಜಿಯ ಸಂಗತಿ.

ವಾಕರ್ ಅವರ ತಾಯಿಯ ತಾಯಿ ಎಲ್ವೈರಾ. ಈ ಅಜ್ಜಿ ಮನೆಯಲ್ಲೇ ಇದ್ದರು. ರಾತ್ರಿ ಮಲಗುವ ಹೊತ್ತಿಗೆ ಮೊಮ್ಮಗಳನ್ನು ಪಕ್ಕದಲ್ಲಿ ಹಾಕಿಕೊಂಡು ತನ್ನ ತಾಯಿಯ ಕಥೆ ಹೇಳುತ್ತಿದ್ದರು. ಆ ತಾಯಿ ಜಾರ್ಜಿಯಾದ ತೋಟವೊಂದರಲ್ಲಿ ಗುಲಾಮಳಾಗಿ ಹುಟ್ಟಿದವಳು. ಹೊಡೆತ, ಹಸಿವು, ಮಾರಾಟ, ಯುದ್ಧ, ಬಿಡುಗಡೆ, ಬಿಡುಗಡೆಯಾದ ಮೇಲಿನ ಅಲೆದಾಟ ಎಲ್ಲವೂ ಆ ಕಥೆಯಲ್ಲಿತ್ತು. ರಾತ್ರಿ ಬಹಳ ಹೊತ್ತಾದರೂ ಮಗು ಕಣ್ಣರಳಿಸಿಕೊಂಡು ಎಚ್ಚರವಾಗಿರುವುದನ್ನು ಕಂಡು ತಂದೆತಾಯಿ ಗದರುತ್ತಿದ್ದರಂತೆ: ಮಗುವಿಗೆ ಇಲ್ಲದ್ದು ಸಲ್ಲದ್ದು ಕಥೆ ಕಟ್ಟಿ ಹೇಳಿ ನಿದ್ದೆ ಕೆಡಿಸುತ್ತೀರಲ್ಲ ಎಂದು. ಅದಕ್ಕೆ ಅಜ್ಜಿಗೆ ಸಿಟ್ಟು ಬರುತ್ತಿತ್ತು. ತಾನು ಹೇಳುತ್ತಿರುವುದು ಕಟ್ಟುಕಥೆಯಲ್ಲ, ನಡೆದದ್ದು ನಡೆದ ಹಾಗೆ ಎಂದು ಎದುರು ಹೇಳುತ್ತಿದ್ದರು. 'ಜೂಬಿಲಿ' ಕಾದಂಬರಿ ಬರೆದ ಬಗೆಯನ್ನು ಕುರಿತು 1972ರಲ್ಲಿ ವಾಕರ್ ಪ್ರಕಟಿಸಿದ ಬರಹದಲ್ಲಿ ಈ ಪ್ರಸಂಗ ಬರುತ್ತದೆ.

ಅಜ್ಜಿಗೂ ಮಗಳು ಅಳಿಯನಿಗೂ ನಡೆದ ಈ ಮಾತಿನಲ್ಲಿ ನನಗೆ ನಮ್ಮ ಮನೆಗಳೇ ಕಾಣುತ್ತವೆ. ಮುದುಕಿಯರು ಹೇಳಿದ್ದೆಲ್ಲ 'ಕಥೆ'. ಗಂಡಸರು ಕಟ್ಟೆಯ ಮೇಲೆ ಕೂತು ಹೇಳಿದರೆ ಅದೇ 'ಇತಿಹಾಸ'. ಗೌಡರ ವಂಶಾವಳಿ ಬರೆದಿಡುವವರಿದ್ದರು. ಗೌಡಶಾನಿ ಯಾವ ಬರಗಾಲದಲ್ಲಿ ಏನು ಕುದಿಸಿ ಮನೆಮಂದಿಯನ್ನು ಬದುಕಿಸಿದಳು ಎಂದು ಬರೆದಿಟ್ಟವರಿಲ್ಲ.

ದೊಡ್ಡವಳಾದಾಗ ಈ ಕಥೆ ಬರೆಯುತ್ತೇನೆ ಎಂದು ಮೊಮ್ಮಗಳು ಅಜ್ಜಿಗೆ ಮಾತು ಕೊಟ್ಟಿದ್ದಳು. ಬಿ.ಎ. ಕೊನೆಯ ವರ್ಷದಲ್ಲಿ, 19ನೆಯ ವಯಸ್ಸಿನಲ್ಲಿ, ಬರೆಯಲು ಕೂತದ್ದೂ ಆಯಿತು. ಪುಟಗಟ್ಟಲೆ ಬರೆದು ಓದಿ ನೋಡಿದರೆ ಅಜ್ಜಿಯ ದನಿ ಅದರಲ್ಲಿಲ್ಲ. ಎತ್ತಿಟ್ಟರು. ಅಲ್ಲಿಂದ ಮುಗಿಯುವವರೆಗೆ 30 ವರ್ಷ. ಈ 30 ವರ್ಷದಲ್ಲಿ ಏನೇನಾಯಿತು ಎನ್ನುವುದನ್ನು ಓದುವಾಗ ನಾನು ಎರಡು ಸಲ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತಿದ್ದೆ. 1943ರಲ್ಲಿ ಮದುವೆ. ಒಂದರ ಹಿಂದೊಂದು ನಾಲ್ಕು ಮಕ್ಕಳು. ಉತ್ತರ ಕೆರೊಲಿನಾ, ಪಶ್ಚಿಮ ವರ್ಜಿನಿಯಾ ಎಂದು ಕಾಲೇಜಿನಿಂದ ಕಾಲೇಜಿಗೆ ನೌಕರಿ. 1949ರಲ್ಲಿ ಮಿಸಿಸಿಪ್ಪಿಯ ಜಾಕ್ಸನ್ ಸ್ಟೇಟ್ ಕಾಲೇಜು. ಅಲ್ಲಿ ನಿವೃತ್ತಿಯವರೆಗೆ ಪಾಠ. ಹಸ್ತಪ್ರತಿ ಮಾತ್ರ ಹಾಗೇ ಇತ್ತು. ಮೊದಲ ಕವನಸಂಕಲನಕ್ಕೆ ದೇಶವೇ ತಿರುಗಿ ನೋಡಿದ ಕವಿ, ಮುಂದಿನ ಪುಸ್ತಕಕ್ಕೆ 24 ವರ್ಷ ತೆಗೆದುಕೊಂಡರು ಎಂದರೆ ಅವರಲ್ಲಿ ಸರಕು ಮುಗಿದಿತ್ತೆಂದು ಯಾರಾದರೂ ತಿಳಿಯಬೇಕು. ನಾವು ಹಾಗೆ ತಿಳಿಯುವುದಿಲ್ಲ. ಉತ್ತರಪತ್ರಿಕೆಗಳ ಕಟ್ಟು, ಹಾಲಿನ ಪಾತ್ರೆ, ಮಗುವಿನ ಜ್ವರ ಇವುಗಳ ನಡುವೆ ಬರೆಯಬೇಕೆಂದುಕೊಂಡ ಒಂದು ಕಾಗದವೇ ವಾರಗಟ್ಟಲೆ ಉಳಿದುಬಿಡುವುದನ್ನು ಕಂಡವರು ನಾವು.

ಆದರೆ ಆ ವರ್ಷಗಳು ಬರಿದೆ ಹೋಗಲಿಲ್ಲ. ಸಿಕ್ಕ ಬಿಡುವಿನಲ್ಲಿ, ಸಿಕ್ಕ ಫೆಲೋಶಿಪ್ಪಿನಲ್ಲಿ ಅವರು ಅಜ್ಜಿ ಹೇಳಿದ್ದನ್ನು ತಾಳೆ ನೋಡುತ್ತ ಹೋದರು. ಜಾರ್ಜಿಯಾದ ಡಾಸನ್ ಎಂಬ ಊರಿಗೆ ಹೋಗಿ ಮುತ್ತಜ್ಜ ರ್‍ಯಾಂಡಲ್ ವೇರ್ ಕಮ್ಮಾರಿಕೆ ಮಾಡಿದ್ದ ಜಾಗವನ್ನು ಹುಡುಕಿದರು. ಅವನನ್ನು ಬಲ್ಲ ಹಿರಿಯರು ಅಲ್ಲಿ ಸಿಕ್ಕರು. ಅಜ್ಜಿಯ ಕೊನೆಯ ತಂಗಿಯನ್ನು ಅಲಬಾಮಾದಲ್ಲಿ ಕಂಡು ಮಾತಾಡಿಸಿದರು. ಗುಲಾಮರನ್ನು ಕೊಂಡು ಮಾರಿದ ಕಾಗದಪತ್ರಗಳು, ಮರಣಶಾಸನಗಳು, ಬಿಡುಗಡೆಯಾದ ಗುಲಾಮರು ಹೇಳಿ ಬರೆಸಿದ ಆತ್ಮಕಥೆಗಳನ್ನು ಓದಿದರು. ಓದುತ್ತ ಓದುತ್ತ ಒಂದೇ ಯುದ್ಧಕ್ಕೆ ಮೂರು ಇತಿಹಾಸಗಳಿರುವುದು ಕಂಡಿತು: ದಕ್ಷಿಣದ ಬಿಳಿಯರದು ಒಂದು, ಉತ್ತರದ ಬಿಳಿಯರದು ಒಂದು, ಕಪ್ಪು ಜನರದು ಇನ್ನೊಂದು. ನಮ್ಮ ಪಠ್ಯಪುಸ್ತಕದಲ್ಲಿ ಒಂದು ಯುದ್ಧಕ್ಕೆ ಕಾರಣಗಳು, ಘಟನೆಗಳು, ಪರಿಣಾಮಗಳು ಎಂದು ಮೂರು ತಲೆಬರಹ ಇರುತ್ತವೆ. ಯಾರ ಬಾಯಲ್ಲಿ ಎಂಬ ನಾಲ್ಕನೆಯದು ಇರುವುದಿಲ್ಲ.

1960ರ ದಶಕದ ಮೊದಲ ವರ್ಷಗಳಲ್ಲಿ ವಾಕರ್ ಮತ್ತೆ ಅಯೋವಾಕ್ಕೆ ಬಂದರು, ಈ ಸಲ ಪಿಎಚ್.ಡಿ.ಗೆ. ಕೋರ್ಸುಗಳು, ಪರೀಕ್ಷೆಗಳು ಎಲ್ಲರಿಗಿದ್ದಂತೆ ಅವರಿಗೂ ಇದ್ದವು, ರಿಯಾಯಿತಿ ಏನಿಲ್ಲ. ಪ್ರಬಂಧ ಮಾತ್ರ ಕಾದಂಬರಿ. ಕಮ್ಮಟದಲ್ಲಿ ವರ್ಲಿನ್ ಕ್ಯಾಸಿಲ್ ಎಂಬ ಕಥೆಗಾರರು ಅವರಿಗೆ ಕಲಿಸಿದ್ದು ಒಂದೇ ಒಂದು ಸಂಗತಿ: ಸಂಗ್ರಹಿಸಿದ್ದನ್ನು ವರದಿಯಂತೆ ಹೇಳುತ್ತ ಹೋಗಬೇಡ, ಕಣ್ಣಮುಂದೆ ನಡೆಯುವಂತೆ ಮಾಡು. 30 ವರ್ಷ ಗಂಟು ಬಿಚ್ಚದೆ ಇದ್ದದ್ದು ಇಲ್ಲಿ ಬಿಚ್ಚಿತು. ಸಾಮಗ್ರಿ ಅವರ ಬಳಿ ರಾಶಿ ಇತ್ತು. ಅದನ್ನು ದೃಶ್ಯವಾಗಿ ಕಟ್ಟುವ ಕಸುಬು ಬೇಕಿತ್ತು. ಬರೆಯುವುದನ್ನು ಕಲಿಸಲು ಬರುತ್ತದೆಯೇ ಎಂದು ನಮ್ಮಲ್ಲಿ ಇಂದಿಗೂ ವಾದ ಮಾಡುತ್ತಾರೆ. ಪ್ರತಿಭೆಯನ್ನು ಕಲಿಸಲು ಬರುವುದಿಲ್ಲ, ಒಪ್ಪಿದೆ. ಕುಸುರಿಯನ್ನು ಕಲಿಸಬಹುದು. ರೊಟ್ಟಿ ಬಡಿಯುವುದನ್ನು ನಾವು ಹುಟ್ಟುತ್ತಲೇ ಕಲಿತು ಬಂದೆವೇ?

1965ರ ಏಪ್ರಿಲ್‌ನಲ್ಲಿ ಬರವಣಿಗೆ ಮುಗಿಯಿತು. ಗುಲಾಮಗಿರಿಗಾಗಿ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾಪತಿ ಶರಣಾಗಿ ಸರಿಯಾಗಿ 100 ವರ್ಷ ತುಂಬಿದ ತಿಂಗಳು ಅದು. ಅದೇ ವರ್ಷ ಡಾಕ್ಟರೇಟು, 1966ರಲ್ಲಿ ಪುಸ್ತಕ. ಹೆಸರು 'ಜೂಬಿಲಿ'. ಬೆಳ್ಳಿಹಬ್ಬ, ಚಿನ್ನದ ಹಬ್ಬಕ್ಕೆ ನಾವೂ ಜುಬಿಲಿ ಎನ್ನುತ್ತೇವೆ. ಬೈಬಲ್ಲಿನಲ್ಲಿ ಅದು ಐವತ್ತನೆಯ ವರ್ಷ, ಆಳುಗಳನ್ನು ಬಿಡುಗಡೆ ಮಾಡಿ ಅವರವರ ಮನೆಗೆ ಕಳುಹಿಸುವ ವರ್ಷ. ಪುಸ್ತಕವನ್ನು ಅವರು ಅರ್ಪಿಸಿದವರಲ್ಲಿ ಕಥೆಯನ್ನು ಬಾಳಿದ ಮುತ್ತಜ್ಜಿಯೂ ಇದ್ದಾಳೆ, ಹೇಳಿದ ಅಜ್ಜಿಯೂ ಇದ್ದಾಳೆ. ಇಬ್ಬರೂ ಪೂರ್ತಿ ಹೆಸರಿನೊಂದಿಗೆ.

ಕಾದಂಬರಿಯ ನಾಯಕಿ ವೈರಿ (ನಮ್ಮ ಕನ್ನಡದ ವೈರಿ ಅಲ್ಲ, ಅದೊಂದು ಹೆಸರು). ತೋಟದ ಯಜಮಾನನಿಗೂ ಗುಲಾಮ ಹೆಂಗಸಿಗೂ ಹುಟ್ಟಿದವಳು. ಆ ತಾಯಿ 29ರ ವಯಸ್ಸಿನಲ್ಲಿ ಹದಿನೈದನೆಯ ಹೆರಿಗೆಯಲ್ಲಿ ಸಾಯುವುದರಿಂದ ಕಥೆ ಶುರು. ಮಗು ಬೆಳೆದು ದೊಡ್ಡಮನೆಯ ಅಡಿಗೆಯವಳಾಗುತ್ತಾಳೆ. ಸ್ವತಂತ್ರನಾದ ಕಪ್ಪು ಕಮ್ಮಾರನನ್ನು ಮೆಚ್ಚುತ್ತಾಳೆ. ಮಕ್ಕಳನ್ನು ಬಿಟ್ಟು ಓಡಲಾರದೆ ಸಿಕ್ಕಿಬಿದ್ದು ಚಾವಟಿಯ ಏಟು ತಿನ್ನುತ್ತಾಳೆ. ಯುದ್ಧ ಮುಗಿದ ಮೇಲೆ ಕಟ್ಟಿದ ಮನೆಯನ್ನು ಸುಟ್ಟುಹಾಕುತ್ತಾರೆ. ಕೊನೆಗೆ ಒಂದೂರಿನಲ್ಲಿ ಬಿಳಿಯರ ಮನೆಯ ಹೆರಿಗೆ ಮಾಡಿಸಿದ ಸೂಲಗಿತ್ತಿ ಎಂಬ ಕಾರಣಕ್ಕೆ ಅವಳಿಗೆ ನೆಲೆ ಸಿಗುತ್ತದೆ. ಕಥೆಯ ಉದ್ದಕ್ಕೂ ಯಾವ ಸೊಪ್ಪು ತಿನ್ನಬಹುದು, ಯಾವ ಬೇರು ಯಾವ ನೋವಿಗೆ, ಕೌದಿ ಹೇಗೆ ಹೊಲಿಯಬೇಕು ಎಂಬ ವಿವರಗಳಿವೆ. ಇದೇ ಜಾರ್ಜಿಯಾ, ಇದೇ ಯುದ್ಧ, ಮಾರ್ಗರೆಟ್ ಮಿಚೆಲ್ ಎಂಬ ಬಿಳಿಯ ಲೇಖಕಿಯ 'ಗಾನ್ ವಿತ್ ದಿ ವಿಂಡ್' ಕಾದಂಬರಿಯಲ್ಲಿಯೂ ಇದೆ. ಆ ಸಿನಿಮಾ ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಅಲ್ಲಿ ಕ್ಯಾಮೆರಾ ಪಡಸಾಲೆಯಲ್ಲಿ ನಿಂತಿದೆ. ಈ ಮಾರ್ಗರೆಟ್ ಅಡಿಗೆಮನೆಯಿಂದ ಬರೆದರು.

ಅದೇ 1965ರಲ್ಲಿ ಇನ್ನೊಂದು ಬರ್ಮಿಂಗ್‌ಹ್ಯಾಮ್‌ನಲ್ಲಿ, ಇಂಗ್ಲೆಂಡಿನದರಲ್ಲಿ, ನಮ್ಮ ಯು.ಆರ್. ಅನಂತಮೂರ್ತಿಯವರು ಪಿಎಚ್.ಡಿ. ಮಾಡುತ್ತಿದ್ದರು. ಮಾರ್ಗದರ್ಶಕರಾಗಿದ್ದ ಮಾಲ್ಕಮ್ ಬ್ರಾಡ್ಬರಿಯವರ ಜೊತೆ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಸಿನಿಮಾ ನೋಡಿದರು. ಯುರೋಪಿನವರು ಮಧ್ಯಯುಗವನ್ನು ಊಹಿಸಿಕೊಳ್ಳಬೇಕು, ನಮ್ಮ ಕಡೆ ಅದು ಇನ್ನೂ ಜೊತೆಯಲ್ಲೇ ಬದುಕಿದೆ ಎಂದು ಮಾತಾಡಿಕೊಂಡರು. ಹಾಗಾದರೆ ಅದನ್ನು ಬರಿ ಎಂದರು ಗುರುಗಳು. ಹಾಗೆ ಬಂದದ್ದು 'ಸಂಸ್ಕಾರ'. ಇದನ್ನು ಅನಂತಮೂರ್ತಿಯವರೇ ಹೇಳಿಕೊಂಡಿದ್ದಾರೆ. ಆದರೆ 1966ರಲ್ಲಿ ಅವರಿಗೆ ಡಾಕ್ಟರೇಟು ಬಂದದ್ದು 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಮೇಲೆ ಬರೆದ ಪ್ರಬಂಧಕ್ಕೆ. 'ಸಂಸ್ಕಾರ' ಪಕ್ಕದಲ್ಲಿ ಬರೆದದ್ದು. ಆ ಪ್ರಬಂಧವನ್ನು ಓದಿದವರೆಷ್ಟು, 'ಸಂಸ್ಕಾರ' ಓದಿದವರೆಷ್ಟು ಎಂದು ಕೇಳುವುದೇ ಬೇಡ. ಆ ಬ್ರಾಡ್ಬರಿಯವರೇ 1970ರಲ್ಲಿ ಆಂಗಸ್ ವಿಲ್ಸನ್ ಜೊತೆ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಸೃಜನಶೀಲ ಬರವಣಿಗೆಯ ಎಂ.ಎ. ಆರಂಭಿಸಿದರು. 2017ರಲ್ಲಿ ನೊಬೆಲ್ ಪಡೆದ ಇಶಿಗುರೊ ಅಲ್ಲಿ ಕಲಿತವರು.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನವನ್ನೂ ಆಗಾಗ ಕನ್ನಡವನ್ನೂ ಕಲಿಸುವವಳು. ನನಗೆ ಎಂ.ಎ. ಇಲ್ಲ, ಪಿಎಚ್.ಡಿ. ಮಾತು ದೂರ. ಆದರೂ ವಾಕರ್ ಕಥೆ ಓದಿದ ಮೇಲೆ ಒಂಬತ್ತನೆಯ ತರಗತಿಯ ಮಕ್ಕಳಿಗೆ, ನಿಮ್ಮ ಮನೆಯ ಹಿರಿಯರಲ್ಲಿ ಒಬ್ಬರನ್ನು ಕೇಳಿ ಅವರು ಕಂಡ ಒಂದು ದೊಡ್ಡ ಸಂಗತಿಯನ್ನು ಬರೆದು ತನ್ನಿ ಎಂದೆ. ಒಬ್ಬಳು ಎದ್ದು ನಿಂತು, 'ಟೀಚರ್, ಆಯಿ ಹೇಳಿದ್ದು ಉತ್ತರ ಆಗತೈತೇನ್ರಿ? ಗೈಡಿನ್ಯಾಗ ಇಲ್ರೀ ಅದು' ಎಂದಳು. ಆಗತೈತಿ, ಬರಿ ಎಂದೆ. ನಮ್ಮದು ಕೃಷ್ಣೆಯ ಹಿನ್ನೀರಿಗೆ ಊರುಗಳು ಮುಳುಗಿದ ಸೀಮೆ. ಆ ಹುಡುಗಿ ಬರೆದು ತಂದದ್ದು ಊರು ಬಿಟ್ಟ ದಿನದ ಕಥೆ. ಮನೆಗೆ ಇಷ್ಟು, ಬಾಗಿಲಿಗೆ ಇಷ್ಟು, ಬೇವಿನಮರಕ್ಕೆ ಇಷ್ಟು ಎಂದು ಎಲ್ಲದಕ್ಕೂ ಪರಿಹಾರ ಬರೆದುಕೊಂಡವರು ಒಲೆಗೆ ಏನೂ ಬರೆದುಕೊಳ್ಳಲಿಲ್ಲವಂತೆ. ಆಯಿ ಒಲೆಗುಂಡುಗಳನ್ನು ಕಿತ್ತು ಸೀರೆಯಲ್ಲಿ ಕಟ್ಟಿಕೊಂಡು, ಟ್ರ್ಯಾಕ್ಟರಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಪುನರ್ವಸತಿ ಕೇಂದ್ರಕ್ಕೆ ಬಂದಳು. ಅಲ್ಲಿ ಗ್ಯಾಸು ಬಂತು. ಗುಂಡುಗಳು ಈಗಲೂ ಹಿತ್ತಲಲ್ಲಿವೆ. ಇಷ್ಟೇ, ಒಂದೂವರೆ ಪುಟ. ನಾನು ಅದಕ್ಕೆ ಐದಕ್ಕೆ ಐದು ಕೊಟ್ಟೆ. ಪೀಠಿಕೆ ಎಲ್ಲಿದೆ, ಉಪಸಂಹಾರ ಎಲ್ಲಿದೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಅವರ ಮಾತೂ ತಪ್ಪಲ್ಲ, ಪಬ್ಲಿಕ್ ಪರೀಕ್ಷೆಯಲ್ಲಿ ಅಂಕ ಕೊಡುವುದು ಅವಕ್ಕೇ. ಆದರೆ ಪಾಠದಲ್ಲಿ ಅಣೆಕಟ್ಟಿನ ಎತ್ತರವಿದೆ, ನೀರಾವರಿಯ ಎಕರೆಗಳಿವೆ, ಈ ಒಲೆ ಇಲ್ಲ.

ಅಯೋವಾವನ್ನು ನಾನು ದೇವಸ್ಥಾನ ಮಾಡಲು ಹೊರಟಿಲ್ಲ. ಅಲ್ಲಿಯೂ ಒಳಗೆ ಕೂತವರು ಬಹುಪಾಲು ಬಿಳಿಯ ಗಂಡಸರೇ. 1970ರ ದಶಕದ ಕೊನೆಯಲ್ಲಿ ಅಲ್ಲಿ ಓದಿದ, ಮೆಕ್ಸಿಕೋ ಮೂಲದ ಸಾಂಡ್ರಾ ಸಿಸ್ನೆರೋಸ್ ತರಗತಿಯಲ್ಲಿ 'ಮನೆ' ಎಂಬುದರ ಬಗ್ಗೆ ಚರ್ಚೆ ನಡೆದಾಗ, ಇವರು ಹೇಳುತ್ತಿರುವ ಅಟ್ಟ, ನೆಲಮಾಳಿಗೆಯ ಮನೆ ನನ್ನದಲ್ಲವಲ್ಲ ಎಂದುಕೊಂಡು ತನ್ನ ಬಾಡಿಗೆಮನೆಗಳ ಕಥೆ ಬರೆಯತೊಡಗಿದರು. 1984ರಲ್ಲಿ ಬಂದ ಆ ಪುಸ್ತಕದ ಹೆಸರು 'ದಿ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್'. ಮತ್ತೆ ಮಾವಿನಕಾಯಿ! ಪಾಲ್ ಎಂಗಲ್ ಹಣ ಕೂಡಿಸುವುದರಲ್ಲಿ ನಿಸ್ಸೀಮರು. ಕೊಟ್ಟವರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯ ಮುಖವಾಡವಾಗಿದ್ದ ಒಂದು ಪ್ರತಿಷ್ಠಾನವೂ ಇತ್ತೆಂದು ಆಮೇಲೆ ಬಯಲಾಯಿತು. ಚೀನಾ ಮೂಲದ ಕಾದಂಬರಿಗಾರ್ತಿ ನಿಯೆ ಹುವಾಲಿಂಗ್ ಅವರೊಡನೆ ಸೇರಿ ಎಂಗಲ್ 1967ರಲ್ಲಿ ಹೊರದೇಶಗಳ ಲೇಖಕರಿಗಾಗಿ ಬೇರೊಂದು ಕಾರ್ಯಕ್ರಮ ತೆರೆದರು. ನಮ್ಮ ಎಚ್.ಎಸ್. ಶಿವಪ್ರಕಾಶ್ ಅವರೂ ಅದರಲ್ಲಿ ಭಾಗವಹಿಸಿ ಬಂದವರು. 2025ರಲ್ಲಿ ಅಮೆರಿಕ ಸರ್ಕಾರ ಅದಕ್ಕೆ ಕೊಡುತ್ತಿದ್ದ ಅನುದಾನವನ್ನು ನಿಲ್ಲಿಸಿತು.

ವಾಕರ್ ಡಾಕ್ಟರೇಟು ತೆಗೆದುಕೊಂಡು ಜಾಕ್ಸನ್ನಿಗೆ ಮರಳಿದರು. 1968ರಲ್ಲಿ ತಮ್ಮ ಕಾಲೇಜಿನಲ್ಲೇ ಕಪ್ಪು ಜನರ ಇತಿಹಾಸ, ಬದುಕು, ಸಂಸ್ಕೃತಿಗಳ ಅಧ್ಯಯನ ಕೇಂದ್ರವೊಂದನ್ನು ಕಟ್ಟಿದರು. ಈಗ ಅದಕ್ಕೆ ಅವರದೇ ಹೆಸರಿದೆ. ಹಿರಿಯರ ಬಾಯಿಮಾತಿನ ನೆನಪುಗಳನ್ನು ಧ್ವನಿಮುದ್ರಿಸಿ ಅಲ್ಲಿ ಕಾಪಾಡುತ್ತಾರೆ. ಅವರ ದಿನಚರಿಯ ಪುಸ್ತಕಗಳು, ನೂರಕ್ಕೂ ಹೆಚ್ಚು, ಅಲ್ಲೇ ಇವೆ. 1979ರಲ್ಲಿ ನಿವೃತ್ತರಾದರು, 1998ರಲ್ಲಿ ತೀರಿಕೊಂಡರು.

1973ರಲ್ಲಿ ಅವರು ಕಾಲೇಜಿನಲ್ಲಿ ಒಂದು ಕಾವ್ಯೋತ್ಸವ ನಡೆಸಿದರು. ಅದು ಫಿಲಿಸ್ ವೀಟ್ಲಿಯ ಪುಸ್ತಕಕ್ಕೆ 200 ವರ್ಷ ತುಂಬಿದ ನೆನಪಿಗೆ. ಈ ಫಿಲಿಸ್ 1761ರಲ್ಲಿ, ಏಳೆಂಟು ವರ್ಷದ ಮಗುವಾಗಿದ್ದಾಗ, ಆಫ್ರಿಕದಿಂದ ಬಾಸ್ಟನ್ನಿಗೆ ತಂದು ಮಾರಿದ ಹುಡುಗಿ. ಅವಳನ್ನು ತಂದ ಹಡಗಿನ ಹೆಸರನ್ನೇ ಅವಳಿಗಿಟ್ಟರು. ಆ ಹುಡುಗಿ ಇಂಗ್ಲಿಷ್ ಕಲಿತು ಕವಿತೆ ಬರೆದಳು. ಗುಲಾಮ ಹುಡುಗಿ ಕವಿತೆ ಬರೆದಳೆಂದರೆ ಯಾರೂ ನಂಬುವುದಿಲ್ಲವೆಂದು, ಇವು ಇವಳೇ ಬರೆದವು ಎಂದು ಬಾಸ್ಟನ್ನಿನ ಹದಿನೆಂಟು ಜನ ದೊಡ್ಡಮನುಷ್ಯರು ರುಜು ಹಾಕಿದ ಪತ್ರವೊಂದನ್ನು 1773ರಲ್ಲಿ ಪುಸ್ತಕದ ಜೊತೆಗೆ ಅಚ್ಚು ಹಾಕಬೇಕಾಯಿತು. ಹದಿನೆಂಟರಲ್ಲಿ ಒಬ್ಬರೂ ಹೆಂಗಸಿಲ್ಲ. ಜಾಕ್ಸನ್ನಿನ ಉತ್ಸವಕ್ಕೆ ವಾಕರ್ ಕರೆಸಿದ ಕವಿಗಳೆಲ್ಲ ಕಪ್ಪು ಹೆಣ್ಣುಮಕ್ಕಳು: ಆಲಿಸ್ ವಾಕರ್, ಲೂಸಿಲ್ ಕ್ಲಿಫ್ಟನ್, ನಿಕಿ ಜೊವಾನಿ, ಸೋನಿಯಾ ಸ್ಯಾಂಚೆಜ್, ಆಡ್ರಿ ಲಾರ್ಡ್. ಅವರು ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು ತಮ್ಮ ತಮ್ಮ ಕವಿತೆ ಓದಿದರು.